ಹತ್ತಿದವರ ಲೆಕ್ಕ, ಇಳಿದವರ ಲೆಕ್ಕ: ಬಾಟನಿ ಬೇಗೆ ಹೊರಟ ಹನ್ನೊಂದು ಹಡಗುಗಳು

ಜನವರಿ 26 ಬಂತೆಂದರೆ ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡದ ಮನೆಗಳಲ್ಲಿ ಒಂದೇ ದಿನ ಎರಡು ಆಚರಣೆ. ಬೆಳಿಗ್ಗೆ ನಮ್ಮ ಗಣರಾಜ್ಯೋತ್ಸವ, ಆಮೇಲೆ ಆಸ್ಟ್ರೇಲಿಯಾ ಡೇ. ಈ ಎರಡನೆಯದರ ಸುತ್ತ ಪ್ರತಿ ವರ್ಷ ಜಗಳ ಏಳುತ್ತದೆ, ಜಗಳದ ಜೊತೆಗೆ ಒಂದಿಷ್ಟು ತಪ್ಪು ಮಾಹಿತಿಯೂ ಹರಡುತ್ತದೆ. ಅದು ಕ್ಯಾಪ್ಟನ್ ಕುಕ್ ಬಂದಿಳಿದ ದಿನ ಅನ್ನುವವರಿದ್ದಾರೆ. ಕುಕ್ ಬಂದದ್ದು 1770ರ ಏಪ್ರಿಲ್‌ನಲ್ಲಿ. ದೇಶ ಹುಟ್ಟಿದ ದಿನ ಅನ್ನುವವರೂ ಇದ್ದಾರೆ. ಆರು ವಸಾಹತುಗಳು ಸೇರಿ ಒಂದು ದೇಶವಾದದ್ದು 1901ರ ಜನವರಿ 1ರಂದು. ಬ್ರಿಟನ್ನಿನ ಕೈದಿಗಳ ಹಡಗುಗಳು ಬಾಟನಿ ಬೇ ಎಂಬ ಕೊಲ್ಲಿ ಮುಟ್ಟಿದ ದಿನವೆಂಬುದೂ ಸರಿಯಲ್ಲ. ಅವು 1788ರ ಜನವರಿ 18ರಿಂದ 20ರೊಳಗೇ ಅಲ್ಲಿಗೆ ಬಂದಿದ್ದವು, ಬಂದು ಜಾಗ ಹಿಡಿಸದೆ ವಾರದೊಳಗೆ ಲಂಗರು ಕಿತ್ತಿದ್ದವು. 26ರಂದು ನಡೆದದ್ದು ಉತ್ತರಕ್ಕೆ ಕೆಲವೇ ಮೈಲಿ ದೂರದ ಮತ್ತೊಂದು ಕೊಲ್ಲಿಯಲ್ಲಿ ಬಾವುಟ ಏರಿಸಿದ ಶಾಸ್ತ್ರ. ಆ ನೆಲದ ಮೂಲನಿವಾಸಿಗಳ ಸಂಘಟನೆಗಳು 1938ರಲ್ಲಿ, ಅಂದರೆ 150ನೇ ವರ್ಷದ ಸಂಭ್ರಮದ ದಿನವೇ, ಅದನ್ನು ಶೋಕದಿನವೆಂದು ಆಚರಿಸಿದವು. ಇಡೀ ದೇಶ ಅದೇ ತಾರೀಖಿನಂದು ರಜೆ ತೆಗೆದುಕೊಳ್ಳತೊಡಗಿದ್ದು 1994ರಿಂದ ಈಚೆಗೆ ಮಾತ್ರ.

ದಿನದ ಜಗಳ ಇಲ್ಲಿಗೆ ಸಾಕು. ಅದಕ್ಕೆ ಕಾರಣವಾದ ಸಮುದ್ರಯಾನದ ಬಗ್ಗೆ ಮಾತಾಡುವವರು ಕಡಿಮೆ. ಅದರಲ್ಲೂ ಹಡಗಿನೊಳಗೆ ಏನು ತುಂಬಿದರು, ಎಷ್ಟು ತುಂಬಿದರು, ಹಣ ಯಾವ ಲೆಕ್ಕದಲ್ಲಿ ಕೊಟ್ಟರು ಎಂಬ ವಿಷಯ ಯಾರಿಗೂ ಬೇಡ. ಯಾರು ಬದುಕಿದರು, ಯಾರು ಸತ್ತರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಲೆಕ್ಕವೇ.

ಅಮೆರಿಕದ ಬಾಗಿಲು ಮುಚ್ಚಿದಾಗ

ಅಪರಾಧಿಗಳನ್ನು ಕಡಲಾಚೆ ಕಳಿಸುವುದು ಬ್ರಿಟನ್ನಿಗೆ ಹೊಸದಾಗಿರಲಿಲ್ಲ. 1718ರ ಕಾಯ್ದೆಯ ನಂತರ ಏಳು ವರ್ಷ, ಹದಿನಾಲ್ಕು ವರ್ಷ ಎಂದು ಶಿಕ್ಷೆ ಬರೆದು ಸುಮಾರು 50,000 ಮಂದಿಯನ್ನು ಅಮೆರಿಕದ ವಸಾಹತುಗಳಿಗೆ ಸಾಗಿಸಿದ್ದರು. ಅದು ವ್ಯಾಪಾರಿಗಳ ಕೆಲಸ. ಕೈದಿಯನ್ನು ಮೇರಿಲ್ಯಾಂಡ್‌ಗೋ ವರ್ಜೀನಿಯಾಕ್ಕೋ ಒಯ್ದು, ಶಿಕ್ಷೆಯ ಅವಧಿಯ ದುಡಿಮೆಯನ್ನು ಅಲ್ಲಿನ ಜಮೀನುದಾರರಿಗೆ ಮಾರಿದರೆ ವ್ಯಾಪಾರಿಗೆ ಲಾಭ. ಕ್ರೂರ ಪದ್ಧತಿ, ಅನುಮಾನವಿಲ್ಲ. ಆದರೆ ಸತ್ತ ಕೈದಿಯನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಜೀವಂತ ತಲುಪಿಸಬೇಕೆಂಬ ಸ್ವಾರ್ಥವಾದರೂ ಅದರಲ್ಲಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1775ರಲ್ಲಿ ಅಮೆರಿಕದ ಯುದ್ಧ ಶುರುವಾಯಿತು, ಬಾಗಿಲು ಮುಚ್ಚಿತು. ನ್ಯಾಯಾಲಯಗಳು ಮಾತ್ರ ಗಡೀಪಾರಿನ ತೀರ್ಪು ಬರೆಯುವುದನ್ನು ನಿಲ್ಲಿಸಲಿಲ್ಲ. 1776ರ ಕಾಯ್ದೆಯ ಪ್ರಕಾರ ಕೆಲಸಕ್ಕೆ ಬಾರದ ಹಳೆಯ ಹಡಗುಗಳನ್ನು ಥೇಮ್ಸ್ ನದಿಯಲ್ಲಿ ಕಟ್ಟಿಹಾಕಿ ಅವುಗಳಲ್ಲಿ ಕೈದಿಗಳನ್ನು ತುಂಬಿದರು. ಎರಡು ವರ್ಷದ ತಾತ್ಕಾಲಿಕ ಏರ್ಪಾಡು ಎಂದದ್ದು ದಶಕಗಟ್ಟಲೆ ಉಳಿಯಿತು. ಜೈಲುಜ್ವರ, ಅಂದರೆ ಹೇನಿನಿಂದ ಹರಡುವ ಟೈಫಸ್, ಅಲ್ಲೇ ಬೇರೂರಿತು. ಪಶ್ಚಿಮ ಆಫ್ರಿಕಾಕ್ಕೆ ಕಳಿಸಿ ನೋಡಿದರು, ಹೋದವರನ್ನು ಜ್ವರ ನುಂಗಿತು. 1779ರಲ್ಲಿ ಜೋಸೆಫ್ ಬ್ಯಾಂಕ್ಸ್ ಸಂಸತ್ತಿನ ಸಮಿತಿಯ ಮುಂದೆ ಬಾಟನಿ ಬೇ ಹೆಸರು ಹೇಳಿದರು. ಕುಕ್ ಜೊತೆ ಅವರು ಅಲ್ಲಿ ಕಳೆದದ್ದು ಒಂದು ವಾರದಷ್ಟು, ಅದೂ ನೋಡಿದ್ದು ನೆಲಸಲು ಬಂದವರ ಕಣ್ಣಿನಿಂದಲ್ಲ, ಸಸ್ಯಶಾಸ್ತ್ರಜ್ಞನ ಕಣ್ಣಿನಿಂದ. 1785ರಲ್ಲಿ ಮತ್ತೊಂದು ಸಮಿತಿ ನೈಋತ್ಯ ಆಫ್ರಿಕಾದ ಕರಾವಳಿಯನ್ನು ಸೂಚಿಸಿತು. ಅಲ್ಲಿಗೆ ನಾಟಿಲಸ್ ಎಂಬ ಹಡಗು ಹೋಗಿ ನೋಡಿ, ಮರಳಲ್ಲದೆ ಬೇರೇನಿಲ್ಲ ಎಂದು ವಾಪಸು ಬಂತು. ಆಫ್ರಿಕಾಕ್ಕೆ ಮುಂಚಿತವಾಗಿ ಪರೀಕ್ಷಕರನ್ನು ಕಳಿಸಿದ ಸರ್ಕಾರ ಬಾಟನಿ ಬೇಗೆ ಯಾರನ್ನೂ ಕಳಿಸಲಿಲ್ಲ. 1786ರ ಆಗಸ್ಟ್ 18ರಂದು ಗೃಹ ಕಾರ್ಯದರ್ಶಿ ಲಾರ್ಡ್ ಸಿಡ್ನಿ ಖಜಾನೆಗೆ ಪತ್ರ ಬರೆದು ನಿರ್ಧಾರ ತಿಳಿಸಿದರು. ಅಷ್ಟೇ.

ಹಡಗುಗಳನ್ನು ಸಜ್ಜು ಮಾಡಿದ ಬಗೆ

ಒಟ್ಟು ಹನ್ನೊಂದು ಹಡಗು. ಸಿರಿಯಸ್ ಮತ್ತು ಸಪ್ಲೈ ನೌಕಾದಳದವು. ಕೈದಿಗಳಿಗೆ ಆರು: ಅಲೆಕ್ಸಾಂಡರ್, ಸ್ಕಾರ್ಬರೋ, ಷಾರ್ಲೆಟ್, ಲೇಡಿ ಪೆನ್ರಿನ್, ಫ್ರೆಂಡ್‌ಶಿಪ್, ಪ್ರಿನ್ಸ್ ಆಫ್ ವೇಲ್ಸ್. ಸಾಮಾನಿಗೆ ಮೂರು: ಫಿಶ್‌ಬರ್ನ್, ಗೋಲ್ಡನ್ ಗ್ರೋವ್, ಬಾರೋಡೇಲ್. ಅಲೆಕ್ಸಾಂಡರ್ ಎಲ್ಲಕ್ಕಿಂತ ದೊಡ್ಡ ಕೈದಿ ಹಡಗು, ಅದರ ಅಳತೆಯೇ ಸುಮಾರು 450 ಟನ್. ನೌಕಾದಳದವನ್ನು ಬಿಟ್ಟು ಉಳಿದವನ್ನು ವಿಲಿಯಂ ರಿಚರ್ಡ್ಸ್ ಎಂಬ ಗುತ್ತಿಗೆದಾರರಿಂದ ಟನ್ನಿಗೆ ತಿಂಗಳಿಗೆ 10 ಶಿಲಿಂಗಿನ ಬಾಡಿಗೆಗೆ ಪಡೆದಿದ್ದರು. ಅಂದರೆ ಹಡಗು ಎಷ್ಟು ತಿಂಗಳು ಸೇವೆಯಲ್ಲಿದ್ದರೆ ಅಷ್ಟು ಹಣ. ದಾರಿಯಲ್ಲಿ ಬಂದರಿನಲ್ಲಿ ನಿಂತರೂ ಗುತ್ತಿಗೆದಾರನಿಗೆ ನಷ್ಟವಿಲ್ಲ. ಷಾರ್ಲೆಟ್, ಸ್ಕಾರ್ಬರೋ, ಲೇಡಿ ಪೆನ್ರಿನ್ ಹಡಗುಗಳು ಕೈದಿಗಳನ್ನು ಇಳಿಸಿದ ಮೇಲೆ ಖಾಲಿ ಮರಳಬೇಕಿರಲಿಲ್ಲ. ಚೀನಾಕ್ಕೆ ಹೋಗಿ ಈಸ್ಟ್ ಇಂಡಿಯಾ ಕಂಪನಿಗೆ ಚಹಾ ತುಂಬಿಕೊಂಡು ಬರುವ ಏರ್ಪಾಡೂ ಇತ್ತು.

ಸರಕಿನ ಹಡಗನ್ನು ಜೈಲು ಮಾಡುವುದು ಬಡಗಿಯ ಕೆಲಸ. ಮೇಲಟ್ಟದ ಕೆಳಗಿನ ಅಟ್ಟವೇ ಕೈದಿಗಳ ಕೋಣೆ. ನಡುವಿನ ಹಾಯಿಕಂಬದ ಹಿಂದೆ ದಪ್ಪ ಹಲಗೆಯ ಅಡ್ಡಗೋಡೆ ನಿಲ್ಲಿಸಿ, ಅದಕ್ಕೆ ಒತ್ತೊತ್ತಾಗಿ ಮೊಳೆ ಹೊಡೆದರು. ದಂಗೆಯೆದ್ದರೆ ಆಚೆಯಿಂದ ಗುಂಡು ಹಾರಿಸಲು ಗೋಡೆಯಲ್ಲಿ ತೂತುಗಳು. ಇಳಿಯುವ ಬಾಯಿಗಳಿಗೆ ಅಡ್ಡಪಟ್ಟಿ, ಅಗುಳಿ, ಬೀಗ. ಮೇಲಟ್ಟದಲ್ಲಿ ಸುಮಾರು ಮೂರಡಿ ಎತ್ತರದ ತಡೆ, ಅದರ ಮೇಲೆ ಕಬ್ಬಿಣದ ಮೊನೆಗಳು. ಕೈದಿಗಳು ಅದರಿಂದ ಈಚೆಗೆ, ಮಿಕ್ಕವರು ಆಚೆಗೆ. ಸ್ಕಾರ್ಬರೋದಲ್ಲಿ ಅಟ್ಟದ ಎತ್ತರ ನಾಲ್ಕೂವರೆ ಅಡಿಯ ಆಸುಪಾಸು, ಆಳೆತ್ತರದ ಮನುಷ್ಯ ಸೊಂಟ ಬಗ್ಗಿಸದೆ ನಡೆಯುವಂತಿಲ್ಲ. ಪಕ್ಕದಲ್ಲಿ ಕಿಟಕಿಯಿಲ್ಲ. ಬೆಂಕಿಯ ಭಯಕ್ಕೆ ಮೇಣದ ಬತ್ತಿಯನ್ನೂ ಕೊಡಲಿಲ್ಲ. ಬಿರುಗಾಳಿ ಎದ್ದು ಮೇಲಿನ ಬಾಯಿ ಮುಚ್ಚಿದರೆ ಗಾಳಿ, ಬೆಳಕು ಎರಡೂ ಬಂದ್.

1787ರ ಜನವರಿ 6ರಿಂದಲೇ ಕೈದಿಗಳನ್ನು ಹತ್ತಿಸತೊಡಗಿದರು, ಹಡಗುಗಳು ಹೊರಟದ್ದು ಮೇ 13ಕ್ಕೆ. ನಡುವಿನ ನಾಲ್ಕು ತಿಂಗಳು ಇಂಗ್ಲೆಂಡಿನ ದಡದಲ್ಲೇ, ತರಕಾರಿ ಕೂಗಳತೆಯಲ್ಲಿದ್ದರೂ, ಉಪ್ಪಿನ ಮಾಂಸದ ಮೇಲೆ ಕಳೆದವು. ಅಲೆಕ್ಸಾಂಡರಿನಲ್ಲಿ ಜ್ವರ ಎದ್ದು, ಯಾನ ಶುರುವಾಗುವ ಮೊದಲೇ 16 ಮಂದಿ ಸತ್ತರು. ಮುಖ್ಯ ವೈದ್ಯ ಜಾನ್ ವೈಟ್ ಬಂದು ಮಾಡಿದ್ದು ಮೂರೇ ಕೆಲಸ. ತಾಜಾ ಮಾಂಸ, ಸೊಪ್ಪು ತರಕಾರಿ ಕೊಡಿಸಿದರು. ಕೈದಿಗಳನ್ನು ಹೊರಗೆ ತೆಗೆದು, ಒಳಗೆಲ್ಲ ಸುಣ್ಣ ಬಳಿಸಿದರು. ಗಾಳಿಗೆ ಅವರನ್ನು ಮೇಲಟ್ಟಕ್ಕೆ ಬಿಡಿಸಿದರು. ಹೇನು, ರೋಗಾಣು ಎಂಬ ವಿಜ್ಞಾನ ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದೇ ನಂಬಿಕೆ. ಕಾರಣ ತಪ್ಪಾಗಿದ್ದರೂ ಮದ್ದು ಸರಿಯಿತ್ತು.

ತಂಡದ ಮುಖ್ಯಸ್ಥ ಆರ್ಥರ್ ಫಿಲಿಪ್ ಹೊರಡುವ ತನಕ ಇಲಾಖೆಗಳಿಗೆ ಪತ್ರ ಬರೆಯುತ್ತಲೇ ಇದ್ದರು. ಹೆಂಗಸರನ್ನು ಮೈತುಂಬ ಬಟ್ಟೆಯಿಲ್ಲದೆ ಹಡಗಿಗೆ ಹತ್ತಿಸಿದ್ದಾರೆ, ಆರು ವಾರದ ಅಮೆರಿಕ ಯಾನಕ್ಕೆ ಮಾಡುವ ಏರ್ಪಾಡನ್ನೇ ಭೂಮಿಯ ಕೊನೆಗೆ ಹೋಗುವವರಿಗೂ ಮಾಡಿದ್ದಾರೆ ಎಂಬುದು ಅವರ ದೂರು. ಕೈದಿಗಳ ಪಡಿ ಸೈನಿಕರ ಪಡಿಯ ಮೂರನೇ ಎರಡು ಭಾಗ, ಮದ್ಯ ಬಿಟ್ಟು. ರೋಗಿಗಳಿಗೆ ವೈನ್, ಬಂದರಿನಲ್ಲಿರುವಷ್ಟು ದಿನ ಎಲ್ಲರಿಗೂ ತಾಜಾ ಮಾಂಸ ಬೇಕೆಂದು ಹಠ ಹಿಡಿದು ಪಡೆದರು. ಬೇರೆ ಕೆಲವು ಸಂಗತಿ ಅವರ ಕೈಮೀರಿದವು. ಹಡಗು ಸಮುದ್ರ ಸೇರಿದ ಮೇಲೆ ತಿಳಿಯಿತು: ಹೆಂಗಸರ ಬಟ್ಟೆಯ ಗಂಟು ದಡದಲ್ಲೇ ಉಳಿದಿದೆ, ಸೈನಿಕರಿಗೆ ಬೇಕಾದ ಮದ್ದುಗುಂಡೂ ಸಾಕಷ್ಟು ಬಂದಿಲ್ಲ. ಬಂದೂಕಿದೆ, ಗುಂಡಿಲ್ಲ. ಕೈದಿಗಳಿಗೆ ಇದು ಗೊತ್ತಾಗದಂತೆ ನೋಡಿಕೊಳ್ಳುವುದೇ ಅಧಿಕಾರಿಗಳಿಗೆ ಒಂದು ಕೆಲಸವಾಯಿತು. ಇನ್ನೊಂದು ಕೊರತೆ ಆಗ ಯಾರಿಗೂ ದೊಡ್ಡದೆನಿಸಲಿಲ್ಲ. ಯಾರಿಗೆ ಎಷ್ಟು ವರ್ಷದ ಶಿಕ್ಷೆ, ಎಂದಿಗೆ ಮುಗಿಯುತ್ತದೆ ಎಂಬ ಕಾಗದಪತ್ರಗಳೂ ಬಂದಿರಲಿಲ್ಲ. ಮುಂದೆ ನನ್ನ ಏಳು ವರ್ಷ ಮುಗಿಯಿತು, ಬಿಡಿ ಎಂದವರಿಗೆ ಹೌದು ಅನ್ನಲೂ ಅಲ್ಲ ಅನ್ನಲೂ ಅಲ್ಲಿ ದಾಖಲೆಯಿರಲಿಲ್ಲ. ಆದ್ದರಿಂದ ದುಡಿಯುತ್ತಿರಿ ಎಂದರು.

252 ದಿನ

ಸುಮಾರು 750 ಕೈದಿಗಳು, ಅವರಲ್ಲಿ 190ರಷ್ಟು ಹೆಂಗಸರು. ಇನ್ನೂರು ಚಿಲ್ಲರೆ ನೌಕಾಸೈನಿಕರು, ಅವರಲ್ಲಿ ಕೆಲವರ ಹೆಂಡಿರು ಮಕ್ಕಳು, ಜೊತೆಗೆ ನಾವಿಕರು. ಮೇ 13ರ ಭಾನುವಾರ ಬೆಳಗಿನ ಜಾವ ಪೋರ್ಟ್ಸ್‌ಮತ್‌ನಿಂದ ಹೊರಟರು. ಒಟ್ಟಿಗೆ ಹೋಗುವ ಹಡಗುಗಳ ವೇಗವೆಂದರೆ ಅವುಗಳಲ್ಲಿ ಅತಿ ನಿಧಾನದ ಹಡಗಿನ ವೇಗ. ಷಾರ್ಲೆಟ್ ಮೊದಲ ದಿನದಿಂದಲೇ ಹಿಂದೆ ಬಿದ್ದು, ಬೆಂಗಾವಲಿಗೆ ಬಂದಿದ್ದ ಯುದ್ಧನೌಕೆ ಅದನ್ನು ಹಗ್ಗ ಕಟ್ಟಿ ಎಳೆಯಬೇಕಾಯಿತು. ಒಂದು ವಾರದ ಮೇಲೆ ಬೆಂಗಾವಲು ಹಿಂದಿರುಗಿತು. ಅದೇ ಹೊತ್ತಿಗೆ ಫಿಲಿಪ್ ಕೈದಿಗಳ ಬೇಡಿ ಬಿಚ್ಚಲು ಅಪ್ಪಣೆ ಕೊಟ್ಟರು. ಬೇಡಿ ಹಾಕಿದವನು ಬಟ್ಟೆ ಬದಲಿಸಲಾರ, ಮೈ ತೊಳೆಯಲಾರ, ತೊಳೆಯದಿದ್ದರೆ ಜ್ವರ. ಸ್ಕಾರ್ಬರೋದಲ್ಲಿ ಹಡಗು ವಶಪಡಿಸಿಕೊಳ್ಳುವ ಸಂಚು ಬಯಲಾಗಿ ಇಬ್ಬರಿಗೆ ಇಪ್ಪತ್ತನಾಲ್ಕು ಚಾಟಿಯೇಟು ಬಿತ್ತು. ಆದರೂ ಉಳಿದವರ ಬೇಡಿ ಮತ್ತೆ ಹಾಕಿಸಲಿಲ್ಲ.

ಜೂನ್ 3ರಂದು ಕೆನರಿ ದ್ವೀಪಗಳ ಟೆನೆರೀಫ್. ಅಲ್ಲಿ ಮಾಂಸ ಸಿಕ್ಕಿತು, ಹಣ್ಣು ತರಕಾರಿಯ ಕಾಲವಲ್ಲವಾದ್ದರಿಂದ ಕುಂಬಳ, ಈರುಳ್ಳಿಯಷ್ಟೇ. ಒಬ್ಬ ಕೈದಿ ರಾತ್ರಿ ದೋಣಿಯೊಂದರಲ್ಲಿ ತಪ್ಪಿಸಿಕೊಂಡು, ಮರುದಿನ ಸಿಕ್ಕಿಬಿದ್ದ. ಕೇಪ್ ವರ್ಡ್ ದ್ವೀಪಗಳಲ್ಲಿ ನಿಲ್ಲಬೇಕೆಂದಿದ್ದರೂ ಗಾಳಿ, ಸೆಳವು ಎರಡೂ ತಿರುಗಿದ್ದರಿಂದ ಬಿಟ್ಟು ಮುಂದೆ ಹೋದರು. ಈ ತಪ್ಪಿದ ನಿಲುಗಡೆಗೆ ಮುಂದಿನ ವಾರಗಳಲ್ಲಿ ಬೆಲೆ ತೆರಬೇಕಾಯಿತು.

ಸಮಭಾಜಕದ ಹತ್ತಿರ ಗಾಳಿ ಬೀಳುತ್ತದೆ. ಹಾಯಿ ಜೋತುಬೀಳುತ್ತದೆ, ಹಡಗು ನಿಂತಲ್ಲೇ ತೂಗಾಡುತ್ತದೆ. ಸೆಕೆ, ಮಳೆ, ಮುಚ್ಚಿದ ಬಾಯಿ. ಪೀಪಾಯಿಯ ನೀರು ಎಷ್ಟು ದಿನಕ್ಕೆ ಬಂದೀತೆಂದು ತಿಳಿಯದೆ, ದಿನಕ್ಕೆ ತಲೆಗೆ ಮೂರು ಪಿಂಟ್, ಎಂದರೆ ಒಂದೂಮುಕ್ಕಾಲು ಲೀಟರಿಗೂ ಕಡಿಮೆ ಎಂದು ಕಟ್ಟು ಹಾಕಿದರು. ಉಪ್ಪಿನಲ್ಲಿ ನೆನೆಸಿಟ್ಟ ಮಾಂಸ ತಿನ್ನುವವನಿಗೆ ಇಷ್ಟು ನೀರು ಏನೇನೂ ಸಾಲದು. ಜುಲೈನಲ್ಲಿ ಅಲೆಕ್ಸಾಂಡರಿನಲ್ಲಿ ಮತ್ತೆ ಕಾಯಿಲೆ ಎದ್ದಾಗ ವೈಟ್ ಹೋಗಿ ನೋಡಿದರು. ಹಡಗಿನ ತಳದಲ್ಲಿ ಸೋರಿಬಂದ ನೀರು, ಎಂಜಲು, ಹೊಲಸು ಎಲ್ಲ ಸೇರಿ ನಿಲ್ಲುವ ಕೊಳೆನೀರನ್ನು ಪಂಪು ಹೊಡೆದು ಹೊರಹಾಕಿರಲಿಲ್ಲ. ಅದರ ಆವಿಗೆ ಅಧಿಕಾರಿಗಳ ಕೋಟಿನ ಗುಂಡಿಗಳು, ಕೋಣೆಯ ಹಲಗೆಗಳು ಕಪ್ಪಾಗಿದ್ದವು. ಕೆಳಗಿನ ಬಾಯಿ ತೆರೆದರೆ ಹತ್ತಿರ ನಿಲ್ಲಲಾಗದಷ್ಟು ನಾತ. ಕೊಳೆತ ಕೊಚ್ಚೆಯಿಂದ ಏಳುವ ಗಂಧಕದ ಆವಿ ಲೋಹವನ್ನು ಕಪ್ಪಾಗಿಸುತ್ತದೆ. ಗುಂಡಿ ಕಪ್ಪಾಗುವ ಜಾಗದಲ್ಲಿ ಮನುಷ್ಯರು ಮಲಗಿದ್ದರು. ಫಿಲಿಪ್ ಆಳು ಕಳಿಸಿ, ಪಂಪು ಹೊಡೆಸಿ ಹಡಗನ್ನು ಶುಚಿ ಮಾಡಿಸಿದರು, ಕಾಯಿಲೆ ಇಳಿಯಿತು.

ಯಾನವನ್ನು ಉಳಿಸಿದ್ದು ಬ್ರೆಜಿಲ್ ಕರಾವಳಿಯ ಪೋರ್ಚುಗೀಸರ ಬಂದರು ರಿಯೋ. ಆಗಸ್ಟ್ ಮೊದಲ ವಾರದಿಂದ ಸೆಪ್ಟೆಂಬರ್ 4ರವರೆಗೆ ಒಂದು ತಿಂಗಳು ಅಲ್ಲಿ ಬೀಡುಬಿಟ್ಟರು. ಫಿಲಿಪ್ ಹಿಂದೆ ಪೋರ್ಚುಗೀಸ್ ನೌಕಾದಳದಲ್ಲಿ ಕೆಲಸ ಮಾಡಿದ್ದವರು, ಭಾಷೆ ಬರುತ್ತಿತ್ತು, ಅಲ್ಲಿನ ವೈಸರಾಯ್ ಮರ್ಯಾದೆಯಿಂದ ನಡೆಸಿಕೊಂಡರು. ತಾಜಾ ಮಾಂಸ, ಅಕ್ಕಿ, ತರಕಾರಿ ಎಲ್ಲ ಸೇರಿ ತಲೆಗೆ ದಿನಕ್ಕೆ ನಾಲ್ಕು ಪೆನ್ನಿಗೂ ಕಡಿಮೆ. ಕಿತ್ತಳೆಯಂತೂ ಬೇಕೆಂದಷ್ಟು. ತಾಜಾ ಹಣ್ಣು ತರಕಾರಿಯಿಲ್ಲದೆ ನಾವಿಕರಿಗೆ ಬರುವ ಸ್ಕರ್ವಿ ಎಂಬ ಕಾಯಿಲೆಗೆ ನಿಂಬೆ, ಕಿತ್ತಳೆ ಮದ್ದೆಂದು ಜೇಮ್ಸ್ ಲಿಂಡ್ 1747ರಲ್ಲೇ ಪರೀಕ್ಷಿಸಿ ತೋರಿಸಿದ್ದರೂ, ಬ್ರಿಟಿಷ್ ನೌಕಾದಳ ನಿಂಬೆರಸವನ್ನು ಎಲ್ಲರ ಪಡಿಗೆ ಸೇರಿಸಿದ್ದು 1795ರಲ್ಲಿ. ಅಲ್ಲಿಯವರೆಗೆ ಹಡಗಿಗೆ ಮದ್ದೆಂದರೆ ಬಂದರು. ಗುಂಡಿಲ್ಲದ ಬಂದೂಕಿಗೆ 10,000 ಗುಂಡು ಕೊಂಡದ್ದೂ ಇಲ್ಲೇ. ಮರಗೆಣಸಿನ ಹಿಟ್ಟಿನ ನೂರು ಮೂಟೆ ತೆಗೆದುಕೊಂಡರು. ಹಿಟ್ಟು ಮುಗಿದ ಮೇಲೆ ಆ ಗಟ್ಟಿ ಗೋಣಿಯನ್ನೇ ಕೈದಿಗಳಿಗೆ ಬಟ್ಟೆ ಹೊಲಿಸಬಹುದೆಂದು ಫಿಲಿಪ್ ಬರೆದಿದ್ದಾರೆ. ಕಾಫಿ, ಹತ್ತಿ, ನೀಲಿ, ಹುಣಸೆ, ಪೇರಲೆ ಗಿಡಗಳನ್ನೂ ಹತ್ತಿಸಿಕೊಂಡರು. ಸೈನಿಕರ ಕೆಂಪು ಕೋಟಿನ ಬಣ್ಣಕ್ಕೆ ಬೇಕಾದ ಹುಳು ಕೂತ ಪಾಪಾಸುಕಳ್ಳಿಯೂ ಅದರಲ್ಲಿತ್ತು.

ಅಕ್ಟೋಬರ್ 13ಕ್ಕೆ ಡಚ್ಚರ ಕೇಪ್ ಟೌನ್. ಇಲ್ಲಿ ದುಬಾರಿ, ಮೇಲಾಗಿ ಕೊಡಲು ಮನಸ್ಸಿಲ್ಲ. ಹೇಗೋ ದನ, ಕುದುರೆ, ಕುರಿ, ಹಂದಿ, ಕೋಳಿ ಸೇರಿ ಐನೂರರಷ್ಟು ಜೀವಗಳನ್ನು ತುಂಬಿದರು. ಕುರಿಗಳಿಗೆ ಜಾಗ ಬೇಕೆಂದು ಫ್ರೆಂಡ್‌ಶಿಪ್ ಹಡಗಿನ ಹೆಂಗಸರನ್ನು ಬೇರೆ ಹಡಗುಗಳಿಗೆ ಒತ್ತರಿಸಿದರು. ಅಲ್ಲಿಂದಾಚೆ ಒಂಬತ್ತು ವಾರ ಬಂದರಿಲ್ಲ. ದಕ್ಷಿಣದ ನಲವತ್ತನೇ ಅಕ್ಷಾಂಶದ ಕೆಳಗೆ ಸದಾ ಪಶ್ಚಿಮದಿಂದ ಬೀಸುವ ಬಿರುಗಾಳಿ ಹಡಗನ್ನು ವೇಗವಾಗಿ ಒಯ್ಯುತ್ತದೆ. ಆದರೆ ಅಲೆಯ ಮೇಲೆ ಅಲೆ, ಹಾಸಿಗೆಯಲ್ಲಿ ನೀರು, ನಿಲ್ಲಲಾಗದೆ ಬಿದ್ದು ಕಾಲು ಮುರಿಯುವ ದನಕರು. ಮೇವೂ ತೀರಿತು. ಫಿಲಿಪ್ ನಾಲ್ಕು ವೇಗದ ಹಡಗುಗಳೊಡನೆ ಮುಂದೆ ಹೋದರು, ಉಳಿದವರು ಬರುವಷ್ಟರಲ್ಲಿ ನೀರಿನ ಸೆಲೆ ನೋಡಿ, ನಾಲ್ಕು ಗುಡಿಸಲು ಹಾಕೋಣ ಎಂದು. ಅವರು ಜನವರಿ 18ಕ್ಕೆ ಮುಟ್ಟಿದರು, ಹಿಂದಿನವರು 20ಕ್ಕೇ ಬಂದರು. ಎಂಟು ತಿಂಗಳ ಯಾನದಲ್ಲಿ ಗಳಿಸಿದ್ದು ಎರಡು ದಿನ.

15,000 ಮೈಲಿಗೂ ಹೆಚ್ಚು ದೂರ. ದಾರಿಯಲ್ಲಿ ಸತ್ತವರು ಸುಮಾರು 48, ಅವರಲ್ಲಿ ಹಲವರು ಹತ್ತುವಾಗಲೇ ಕಾಯಿಲೆಯವರು. ಅಷ್ಟು ದೂರದ ಯಾನಕ್ಕೆ ಇದು ಕಡಿಮೆ.

ನೀರಿಲ್ಲದ ಕೊಲ್ಲಿ, ಮೊಂಡಾದ ಕೊಡಲಿ

ಬಾಟನಿ ಬೇ ಬ್ಯಾಂಕ್ಸ್ ಹೇಳಿದಂತಿರಲಿಲ್ಲ. ಆಳವಿಲ್ಲ, ಆಗ್ನೇಯದ ಗಾಳಿಗೆ ಬಟಾಬಯಲು, ಒಂದು ಕಡೆ ಜೌಗು, ಇನ್ನೊಂದು ಕಡೆ ಮರಳು, ಸಾವಿರ ಜನಕ್ಕಾಗುವಷ್ಟು ಸಿಹಿನೀರಿನ ಹರಿವಿಲ್ಲ. ಫಿಲಿಪ್ ಮೂರು ದೋಣಿಗಳಲ್ಲಿ ಉತ್ತರಕ್ಕೆ ಹೋಗಿ ಪೋರ್ಟ್ ಜಾಕ್ಸನ್, ಅಂದರೆ ಇಂದಿನ ಸಿಡ್ನಿ ಬಂದರು, ಹುಡುಕಿ ಬಂದರು. ಅಷ್ಟರಲ್ಲಿ, ಜನವರಿ 24ರಂದು, ಲಾ ಪೆರೂಸರ ಎರಡು ಫ್ರೆಂಚ್ ಹಡಗುಗಳು ದಿಗಂತದಲ್ಲಿ ಕಂಡವು. 26ರ ಬಾವುಟಕ್ಕೆ ಇದ್ದ ಅವಸರಕ್ಕೆ ಅದೂ ಒಂದು ಕಾರಣವಿರಬಹುದು. ದಡದಲ್ಲಿ ನಿಂತ ಮೂಲನಿವಾಸಿಗಳು ಬರ್ಚಿ ಬೀಸುತ್ತ ‘ವರ್ರ ವರ್ರ’ ಎಂದು ಕೂಗಿದ್ದನ್ನು ಬಂದವರೇ ಬರೆದಿಟ್ಟಿದ್ದಾರೆ. ಹೋಗಿ ಎಂದರ್ಥ. ಬಾವುಟ ಏರಿಸಿದ ಸಿಡ್ನಿ ಕೋವ್ ಗಡಿಗಲ್ ಎಂಬ ಮೂಲನಿವಾಸಿ ಜನರ ನೆಲ. ಒಂದು ವರ್ಷ ಮೂರು ತಿಂಗಳಲ್ಲಿ, 1789ರ ಏಪ್ರಿಲ್‌ನಲ್ಲಿ, ಸಿಡುಬು ಬಂದು ಆ ಸುತ್ತಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನರನ್ನು ಒಯ್ದಿತು. ಸ್ನೇಹದಿಂದ ನಡೆದುಕೊಳ್ಳಬೇಕೆಂದು ಫಿಲಿಪ್‌ಗೆ ಕೊಟ್ಟ ಲಿಖಿತ ಆದೇಶ ಪೆಟ್ಟಿಗೆಯಲ್ಲೇ ಇತ್ತು.

ಸಾಮಾನಿನ ಪಟ್ಟಿ ನೋಡಿದರೆ ಮೇಜಿನ ಮುಂದೆ ಕೂತು ಬರೆದದ್ದೆಂದು ತಿಳಿಯುತ್ತದೆ. 700 ಗುದ್ದಲಿ, 700 ಸಲಿಕೆ, 700 ಕೊಡಲಿ, 8,000 ಗಾಳ, 7,47,000 ಮೊಳೆ. ಸಂಖ್ಯೆಯಲ್ಲಿ ಕೊರತೆಯಿಲ್ಲ. ಆದರೆ ಅಗ್ಗದ ಕಬ್ಬಿಣ. ಅಲ್ಲಿನ ನೀಲಗಿರಿ ಜಾತಿಯ ಮರಗಳೋ ಕಲ್ಲಿನಂಥವು, ಕೊಡಲಿಯ ಬಾಯಿ ಮಡಚಿಕೊಳ್ಳುತ್ತಿತ್ತು. ಬಿದ್ದ ಮರ ಹಲಗೆಯಾದರೆ ಒಣಗುವಾಗ ಸೀಳುತ್ತಿತ್ತು. ಇಟ್ಟಿಗೆಯ ಅಚ್ಚು ಹನ್ನೆರಡಿತ್ತು, ಜೇಡಿಮಣ್ಣೂ ಸಿಕ್ಕಿತು, ಗಾರೆಗೆ ಸುಣ್ಣದ ಕಲ್ಲು ಮಾತ್ರ ಇಲ್ಲ. ಚಿಪ್ಪು ಆಯ್ದು ಸುಡಬೇಕು. ಕೈದಿಗಳಲ್ಲಿ ಬಡಗಿಗಳು ಹನ್ನೆರಡೇ ಜನ. ಬೇಸಾಯ ಬಲ್ಲವರು ಬೆರಳೆಣಿಕೆ, ಏಕೆಂದರೆ ಆರಿಸಿದ್ದು ಜೈಲು ಖಾಲಿ ಮಾಡಲು, ಊರು ಕಟ್ಟಲು ಅಲ್ಲ. ಬಿತ್ತನೆಯ ಗೋಧಿ ಹಡಗಿನ ಸೆಕೆಗೆ, ನುಸಿಗೆ ಹಾಳಾಗಿ ಮೊಳೆಯಲಿಲ್ಲ. ಋತುಗಳೂ ತಲೆಕೆಳಗು. ಜೂನ್‌ನಲ್ಲಿ ದನಗಳು ಕಾವಲು ತಪ್ಪಿಸಿಕೊಂಡು ಕಾಡು ಸೇರಿದವು. ಏಳು ವರ್ಷದ ಮೇಲೆ ಅವು ದೊಡ್ಡ ಹಿಂಡಾಗಿ ಸಿಕ್ಕಿದವು. ನೋಡಿಕೊಳ್ಳುವವರಿಲ್ಲದೆ ಅವು ಮನುಷ್ಯರಿಗಿಂತ ಚೆನ್ನಾಗಿಯೇ ಬದುಕಿದ್ದವು.

ಇಂಗ್ಲೆಂಡಿನಿಂದ ಬರಬೇಕಿದ್ದ ಸಾಮಾನಿನ ಹಡಗು ಗಾರ್ಡಿಯನ್ 1789ರ ಡಿಸೆಂಬರಿನಲ್ಲಿ ಹಿಮಗಡ್ಡೆಗೆ ಬಡಿಯಿತು. 1790ರ ಮಾರ್ಚ್‌ನಲ್ಲಿ ಸಿರಿಯಸ್ ನಾರ್ಫೋಕ್ ದ್ವೀಪದ ಬಂಡೆಗೆ ಸಿಕ್ಕಿ ಒಡೆಯಿತು. ಏಪ್ರಿಲ್ ಹೊತ್ತಿಗೆ ವಾರದ ಪಡಿ ಎರಡೂವರೆ ಪೌಂಡು ಹಿಟ್ಟು, ಎರಡು ಪೌಂಡು ಹಂದಿಮಾಂಸ, ಎರಡು ಪೌಂಡು ಅಕ್ಕಿ. ಗವರ್ನರಿಗೂ ಅಷ್ಟೇ, ಕೈದಿಗೂ ಅಷ್ಟೇ.

ಒಂದೇ ಸಮುದ್ರ, ಎರಡು ಒಪ್ಪಂದ

ಆ ವರ್ಷದ ಜೂನ್‌ನಲ್ಲಿ ಬಂದ ಹಡಗುಗಳನ್ನು ಎರಡನೇ ತಂಡ ಎನ್ನುತ್ತಾರೆ. ಈ ವಿಷಯದಲ್ಲಿ ಜನ ಎಡವುವುದು ಇಲ್ಲೇ. ಮೊದಲ ತಂಡ ಭಾಗ್ಯವಂತರದು, ಎರಡನೆಯದು ದುರದೃಷ್ಟದ್ದು ಎಂಬಂತೆ ಹೇಳುತ್ತಾರೆ. ಅದೃಷ್ಟದ ಪ್ರಶ್ನೆ ಅಲ್ಲಿರಲಿಲ್ಲ.

ಮೊದಲು ಬಂದದ್ದು ಹೆಂಗಸರನ್ನು ಹೊತ್ತ ಲೇಡಿ ಜೂಲಿಯಾನಾ. ಮೊದಲ ತಂಡದ ಗುತ್ತಿಗೆದಾರರೇ ಅದಕ್ಕೂ. ಬಂದರುಗಳಲ್ಲಿ ನಿಧಾನವಾಗಿ ನಿಂತು, ತಾಜಾ ಆಹಾರ ತುಂಬಿಕೊಂಡು ಬರಲು ಹತ್ತು ತಿಂಗಳು ತೆಗೆದುಕೊಂಡಿತು. ಇನ್ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಸತ್ತವರು ಐವರು. ಅದೇ ತಿಂಗಳ ಕೊನೆಗೆ ಸರ್‌ಪ್ರೈಸ್, ನೆಪ್ಚೂನ್, ಸ್ಕಾರ್ಬರೋ ಬಂದವು, ಐದೂಕಾಲು ತಿಂಗಳಲ್ಲೇ. ದಾರಿಯಲ್ಲಿ ನಿಂತದ್ದು ಕೇಪ್ ಟೌನ್‌ನಲ್ಲಿ ಮಾತ್ರ. ಹತ್ತಿದ ಸುಮಾರು ಸಾವಿರ ಕೈದಿಗಳಲ್ಲಿ 260ಕ್ಕೂ ಹೆಚ್ಚು ಜನ ಸಮುದ್ರದಲ್ಲೇ ಸತ್ತರು, ನೆಪ್ಚೂನ್ ಒಂದರಲ್ಲೇ 158. ಇಳಿದವರಲ್ಲಿ ನೂರಾರು ಮಂದಿಯನ್ನು ಹೊತ್ತು ಇಳಿಸಬೇಕಾಯಿತು. ಸ್ಕಾರ್ಬರೋವನ್ನು ಗಮನಿಸಿ. ಮೊದಲ ತಂಡದಲ್ಲಿ ಇನ್ನೂರಕ್ಕೂ ಹೆಚ್ಚು ಗಂಡಸರನ್ನು ಹೊತ್ತು ಸಾವಿನ ಸುದ್ದಿಗೆ ಬಾರದೆ ಬಂದ ಹಡಗು ಅದೇ. ಹಲಗೆ ಅದೇ, ಅಟ್ಟದ ಎತ್ತರ ಅದೇ, ಕಡಲೂ ಅದೇ. ಈ ಸಲ 70ಕ್ಕೂ ಹೆಚ್ಚು ಹೆಣ.

ಬದಲಾದದ್ದು ಒಪ್ಪಂದ. ಗುಲಾಮರ ಸಾಗಣೆಯಲ್ಲಿ ಪಳಗಿದ ಲಂಡನ್ನಿನ ಕಂಪನಿಯೊಂದು ಕಡಿಮೆ ದರಕ್ಕೆ ಗುತ್ತಿಗೆ ಹಿಡಿದಿತ್ತು. ಹಡಗು ಹತ್ತಿದ ಪ್ರತಿ ತಲೆಗೆ 17 ಪೌಂಡ್, 7 ಶಿಲಿಂಗ್, 6 ಪೆನ್ಸ್. ಬಟ್ಟೆ, ಊಟ, ಸಾಗಣೆ ಎಲ್ಲ ಅದರಲ್ಲೇ. ಇಳಿದವರೆಷ್ಟು ಎಂದು ಕೇಳುವ ಸಾಲು ಒಪ್ಪಂದದಲ್ಲಿರಲಿಲ್ಲ. ಈಗ ಲೆಕ್ಕ ಹಾಕಿ. ತಿಂಗಳ ಬಾಡಿಗೆಯಿಲ್ಲದ್ದರಿಂದ ಬಂದರಿನಲ್ಲಿ ನಿಂತ ಒಂದೊಂದು ದಿನವೂ ಖರ್ಚು. ಕೈದಿ ಬೇಗ ಸತ್ತರೆ ಅವನ ಪಡಿ ಉಳಿತಾಯ. ಅಮೆರಿಕದಂತೆ ಕೊನೆಯಲ್ಲಿ ಮಾರಲು ಕೈದಿಯ ದುಡಿಮೆ ವ್ಯಾಪಾರಿಯ ಕೈಯಲ್ಲಿಲ್ಲ, ಮಿಕ್ಕ ಆಹಾರ ಮಾತ್ರ ಇದೆ. ಸಿಡ್ನಿಯಲ್ಲಿ ಹಡಗಿನವರು ಅಂಗಡಿ ತೆರೆದು ಅದನ್ನು ಹಸಿದ ಊರಿಗೆ ಮಾರಿದರು. ಎರಡು ಕಾಲಿನ ನಡುವೆ ಒಂಬತ್ತು ಅಂಗುಲದಷ್ಟೇ ಉದ್ದದ ಕಬ್ಬಿಣದ ಸರಳಿದ್ದ, ಗುಲಾಮರ ಹಡಗಿನ ಬೇಡಿಯನ್ನು ಕೊನೆವರೆಗೂ ಬಿಚ್ಚಲಿಲ್ಲ ಎಂದು ಜೊತೆಗೆ ಬಂದ ಸೇನಾಧಿಕಾರಿಯೊಬ್ಬರು ಬರೆದರು. ಪಕ್ಕದವನು ಸತ್ತರೆ ಅವನ ಪಾಲಿನ ಪಡಿಗಾಗಿ ಸುದ್ದಿ ಮುಚ್ಚಿಟ್ಟು, ಹೆಣದೊಡನೆ ಮಲಗಿದ ಕೈದಿಗಳಿದ್ದರು. ಗುತ್ತಿಗೆಗೆ ಸಹಿ ಹಾಕಿದವರೆಲ್ಲ ತಮ್ಮ ಕೆಲಸ ನಿಯಮದಂತೆಯೇ ಮಾಡಿದ್ದರು. ಅಗ್ಗದ ಟೆಂಡರ್ ಒಪ್ಪುವುದೂ ನಿಯಮವೇ.

ಗದ್ದಲ ಎದ್ದ ಮೇಲೆ, ಜೀವಂತ ಇಳಿದವರ ಮೇಲೆ ಒಂದಷ್ಟು ಹಣ ಕೊಡುವ ಪದ್ಧತಿ ನಿಧಾನವಾಗಿ ಬಂತು. 1814ರಲ್ಲಿ ಮತ್ತೆ ಮೂರು ಹಡಗುಗಳಲ್ಲಿ ಟೈಫಸ್ ಎದ್ದು ಜನ ಸತ್ತರು. ಆ ಬಗ್ಗೆ ವರದಿ ಬರೆದ ವೈದ್ಯ ವಿಲಿಯಂ ರೆಡ್‌ಫರ್ನ್ ಒಂದು ಕಾಲಕ್ಕೆ ತಾವೇ ಕೈದಿಯಾಗಿ ಬಂದವರು. ಗಾಳಿ, ಸುಣ್ಣ, ಪೂರ್ತಿ ಪಡಿ, ಮೇಲಟ್ಟದ ಓಡಾಟ ಎಂದು ಅವರು ಹೇಳಿದ್ದು ವೈಟ್ 1787ರಲ್ಲಿ ಮಾಡಿಸಿದ್ದನ್ನೇ. ಹೊಸ ಮಾತು ಒಂದೇ: ಹಡಗಿನ ಕಪ್ತಾನನ ಅಂಕೆಗೆ ಒಳಪಡದ ಸರ್ಕಾರಿ ವೈದ್ಯ ಬೇಕು. 1815ರಿಂದ ಪ್ರತಿ ಕೈದಿ ಹಡಗಿನಲ್ಲೂ ನೌಕಾದಳದ ವೈದ್ಯರೊಬ್ಬರು ಉಸ್ತುವಾರಿಗೆ ನಿಂತರು, ಸಾವು ಇಳಿಯಿತು. ಉಳಿದದ್ದು ಚುಟುಕಾಗಿ: ನ್ಯೂ ಸೌತ್ ವೇಲ್ಸ್‌ಗೆ ಕಳಿಸುವುದು 1840ರಲ್ಲಿ ನಿಂತಿತು, ಟಾಸ್ಮೇನಿಯಾಕ್ಕೆ 1853ರಲ್ಲಿ. ಕೊನೆಯ ಹಡಗು ಹೂಗೂಮಾಂಟ್ 1868ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಮುಟ್ಟಿತು. ಒಟ್ಟು ಹೋದವರು ಸುಮಾರು 1,62,000.

ಸೂಜಿ, ದಾಲ್ ಮತ್ತು ಕರಿನೀರು

ನಮ್ಮ ಕಡೆಯ ನಂಟು ಎರಡು. ಹಸಿದ ಸಿಡ್ನಿ 1791ರಲ್ಲಿ ಅಟ್ಲಾಂಟಿಕ್ ಎಂಬ ಹಡಗನ್ನು ಆಹಾರಕ್ಕಾಗಿ ಕಲ್ಕತ್ತಾಕ್ಕೆ ಕಳಿಸಿತು. 1792ರ ಜೂನ್‌ನಲ್ಲಿ ಅದು ತಂದ ಸರಕನ್ನು ಸಿಡ್ನಿಯ ಅಧಿಕಾರಿ ಹೀಗೆ ದಾಖಲಿಸಿದ್ದಾರೆ: ಅಕ್ಕಿ, ‘ಸೂಜಿ’, ‘ದಾಲ್’. ರವೆ ಮತ್ತು ಬೇಳೆ. ಇಂಗ್ಲಿಷ್ ಕೈದಿಗಳಿಗೆ ಅದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ, ಗೊಣಗುತ್ತ ತಿಂದರು. ಆ ವರ್ಷದ ಆರಂಭದಲ್ಲಿ ಕಲ್ಕತ್ತಾದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಊರಲ್ಲಿರಲಿಲ್ಲ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಕೂತಿದ್ದರು.

ಇನ್ನೊಂದು, ಕನ್ನಡದಲ್ಲಿ ಕರಿನೀರಿನ ಶಿಕ್ಷೆ ಎಂದು ಇಂದಿಗೂ ಉಳಿದಿರುವ ಮಾತು. 1858ರ ಮಾರ್ಚ್ 4ರಂದು, ಹಿಂದಿನ ವರ್ಷದ ದಂಗೆಯ ನಂತರ, ಸೆಮಿರಾಮಿಸ್ ಎಂಬ ಹಡಗು 200 ಕೈದಿಗಳೊಡನೆ ಕಲ್ಕತ್ತಾದಿಂದ ಹೊರಟು ಆರು ದಿನದಲ್ಲಿ ಅಂಡಮಾನ್ ಮುಟ್ಟಿತು. ಯಾನ ಚಿಕ್ಕದು. ಮೇಲ್ವಿಚಾರಕರು ಆಗ್ರಾ ಜೈಲಿನಲ್ಲಿ ಅನುಭವವಿದ್ದ ವೈದ್ಯರೇ. ಹಿಂದೆ 1789ರಲ್ಲಿ ಅಲ್ಲೇ ಒಂದು ನೆಲೆ ಹೂಡಿ, ಬೇರೆಡೆಗೆ ಸರಿಸಿ, ಜ್ವರಕ್ಕೆ ಸೋತು 1796ರಲ್ಲಿ ಬಿಟ್ಟುಬಂದ ದಾಖಲೆ ಕಲ್ಕತ್ತಾದಲ್ಲೇ ಇತ್ತು. ಬಂದವರು ಮೊದಲ ತಿಂಗಳಿಂದಲೇ ಕಾಡಿಗೆ ಓಡತೊಡಗಿದರು, ಮರಳಿ ಸಿಕ್ಕವರಲ್ಲಿ 80ಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು. ಉಳಿದವರನ್ನು ಮೊದಲು ಇಳಿಸಿದ್ದು ಚಾಥಮ್ ಎಂಬ ಪುಟ್ಟ ದ್ವೀಪದಲ್ಲಿ. ಮರ ಕಡಿಯಲು ಶುರು ಮಾಡಿದ ಮೇಲೆ ಅಲ್ಲಿ ಕುಡಿಯಲು ನೀರಿಲ್ಲ ಎಂದು ತಿಳಿದು, ಎಲ್ಲರನ್ನೂ ರಾಸ್ ದ್ವೀಪಕ್ಕೆ ದಾಟಿಸಿದರು.